ಮೇಲ್ಸೇತುವೆಯ ಕೆಳಗಿನ ವಿಳಾಸ

ಚಳಿಗಾಲದ ದೆಹಲಿಯಲ್ಲಿ ಕಂಬಳಿ ಹಂಚುವವರಿಗೆ ಬರವಿಲ್ಲ. ಫುಟ್‌ಪಾತಿನಲ್ಲಿ ಮಲಗಿದವರಿಗೆ ಆ ಕಂಬಳಿ ಬೇಕೇ ಬೇಕು. ಆದರೆ ನಡುರಾತ್ರಿ ಯಾರೋ ಬಂದು ಎಬ್ಬಿಸಿ ಓಡಿಸಿದಾಗ, ಪಡಿತರ ಚೀಟಿಗೆ ವಿಳಾಸ ಕೇಳಿದಾಗ ಜೊತೆಗೆ ನಿಲ್ಲಲು ಮನುಷ್ಯರೇ ಬೇಕು. ಹಾಗೆ ನಿಲ್ಲಲೆಂದು 2008ರಲ್ಲಿ ಅಲ್ಲಿ ಹುಟ್ಟಿಕೊಂಡ ಒಕ್ಕೂಟ ‘ಶಹರಿ ಅಧಿಕಾರ್ ಮಂಚ್: ಬೇಘರೋಂ ಕೆ ಸಾಥ್’. ಹಲವು ಸಂಸ್ಥೆಗಳು, ಕಾರ್ಯಕರ್ತರ ಜೊತೆ ಬೀದಿಯಲ್ಲಿ ಬದುಕುವವರೂ ಇದರಲ್ಲಿ ಸೇರಿದ್ದಾರೆ.

ಅದಕ್ಕೂ ಮೊದಲೇ, 2000ದಲ್ಲಿ, ‘ಆಶ್ರಯ್ ಅಧಿಕಾರ್ ಅಭಿಯಾನ್’ ಎಂಬ ಸಂಸ್ಥೆ ದೆಹಲಿಯ ಬೀದಿಗಳಲ್ಲಿ ಮನೆಯಿಲ್ಲದವರ ತಲೆ ಎಣಿಸಿತ್ತು. ಸಿಕ್ಕ ಲೆಕ್ಕ 52,765. ಮರೆಯಲ್ಲಿ ಮಲಗಿದವರು ಇದಕ್ಕೆ ಹೊರತು. ಸೈಕಲ್ ರಿಕ್ಷಾ ತುಳಿಯುವವರು, ಮೂಟೆ ಹೊರುವ ಹಮಾಲರು, ಮದುವೆ ಊಟ ಬಡಿಸುವವರು ಹೀಗೆ ಬೀದಿಯಲ್ಲೇ ರಾತ್ರಿ ಕಳೆಯುತ್ತಾರೆ. ಇವರನ್ನೆಲ್ಲ ಭಿಕ್ಷುಕರೆಂದು ಎಣಿಸುವುದು ದೊಡ್ಡ ಅನ್ಯಾಯ.

2009ರ ಡಿಸೆಂಬರ್‌ನ ಕೊರೆಯುವ ಚಳಿಯಲ್ಲಿ ಪೂಸಾ ರಸ್ತೆಯ ತಾತ್ಕಾಲಿಕ ತಂಗುದಾಣವನ್ನು ನಗರಪಾಲಿಕೆ ಕಿತ್ತುಹಾಕಿತು. ಹೋರಾಟಗಾರರು ಸುಮ್ಮನಿರಲಿಲ್ಲ. ಪತ್ರಿಕಾ ವರದಿ ನೋಡಿ ದೆಹಲಿ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2010ರ ಜನವರಿಯಲ್ಲಿ, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ಕೂಡ ತಂಗುದಾಣಗಳ ವಿಚಾರವಾಗಿ ಆದೇಶ ಕೊಟ್ಟಿತು. ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ, ಅದೂ ದಿನದ 24 ಗಂಟೆ ತೆರೆದಿರಬೇಕು ಎಂಬ ಲೆಕ್ಕ ಈ ಮೊಕದ್ದಮೆಯಿಂದಲೇ ಗಟ್ಟಿಯಾಯಿತು. ರಾತ್ರಿ ಪಾಳಿ ದುಡಿಯುವವನು ಹಗಲಲ್ಲದೆ ಇನ್ಯಾವಾಗ ನಿದ್ದೆ ಮಾಡಬೇಕು? ಇದೇ ಲೆಕ್ಕವನ್ನು ನಮ್ಮ ಬೆಂಗಳೂರಿಗೆ ಹಾಕಿ ನೋಡಿ: 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ. ಆಗಿನ ಎಣಿಕೆಯಲ್ಲೇ ಇಲ್ಲಿ 84 ತಂಗುದಾಣ ಬೇಕಿತ್ತು.

ಇಂಥ ಒಕ್ಕೂಟಕ್ಕೆ ಸೇರಿದವರಿಗೆ ಭಾಷಣಕ್ಕಿಂತ ಓಡಾಟವೇ ಹೆಚ್ಚು. ಮತದಾರರ ಪಟ್ಟಿಯ ಕೆಲಸವನ್ನೇ ನೋಡಿ. ಮನೆಯಿಲ್ಲದವರು ವಾಸದ ದಾಖಲೆ ಕೊಡಲೇಬೇಕೆಂದಿಲ್ಲ. ನಮೂನೆ 6ರಲ್ಲಿ ತಾವು ಮಲಗುವ ಜಾಗ ಬರೆದರೆ, ಬೂತ್ ಮಟ್ಟದ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೇ ಬಂದು ನೋಡಿ ಖಚಿತಪಡಿಸಿಕೊಳ್ಳಬೇಕು. ಚುನಾವಣಾ ಆಯೋಗದ ಈ ನಿಯಮದ ಮುಂದೆ ಮೇಲ್ಸೇತುವೆಯ ಕೆಳಗಿನ ಕಂಬವೂ ವಿಳಾಸವೇ. ನನ್ನ ಮಟ್ಟಿಗೆ ನಮ್ಮ ಪ್ರಜಾಪ್ರಭುತ್ವದ ಅತ್ಯಂತ ಮಾನವೀಯ ನಿಯಮಗಳಲ್ಲಿ ಇದೊಂದು. ಆದರೆ ಅಧಿಕಾರಿ ಬರುವ ರಾತ್ರಿ ಆ ಮನುಷ್ಯ ಅಲ್ಲೇ ಇರಬೇಕಲ್ಲ! ಮಳೆ ಬಂದರೆ ಜಾಗ ಬದಲು, ಕೆಲಸ ಸಿಕ್ಕರೆ ಊರೇ ಬದಲು. ಯಾರು ಎಲ್ಲಿದ್ದಾರೆಂದು ಹೆಸರು ಹಿಡಿದು ಬಲ್ಲವರು ಅಲ್ಲೇ ಓಡಾಡಿಕೊಂಡಿದ್ದರಷ್ಟೇ ಅರ್ಜಿ ಮುಂದೆ ಸಾಗುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಕೈಜೋಡಿಸಬೇಕೆನ್ನುವವರು ದೆಹಲಿಗೇನೂ ಹೋಗಬೇಕಿಲ್ಲ. ನಗರ ನಿರ್ವಸತಿಕರ ಆಶ್ರಯ ಯೋಜನೆಯ ತಂಗುದಾಣಗಳು ಇಲ್ಲಿಯೂ ಇವೆ. ಸ್ವಯಂಸೇವಾ ಸಂಸ್ಥೆಗಳು ಅವುಗಳನ್ನು ನಡೆಸುವುದೂ ಉಂಟು. ನಿಮ್ಮೂರಿನ ತಂಗುದಾಣ ಎಲ್ಲಿದೆ, ನಡೆಸುವವರು ಯಾರು ಎಂದು ನಗರಸಭೆ ಅಥವಾ ಪಾಲಿಕೆಯಲ್ಲಿ ಕೇಳಿ. ಒಮ್ಮೆ ಒಳಗೆ ಹೋಗಿ ನೋಡಿ: ಹೆಂಗಸರಿಗೆ ಬೇರೆ ಜಾಗ ಇದೆಯೇ, ಶೌಚಾಲಯಕ್ಕೆ ನೀರು ಬರುತ್ತದೆಯೇ, ಬಾಗಿಲು ಹಗಲಿನಲ್ಲೂ ತೆರೆದಿರುತ್ತದೆಯೇ?