ಶಾಲಾ ಮಕ್ಕಳಿಗೆ ಹವಾಗುಣದ ಪಾಠ: ಮಳೆಮಾಪಕದಿಂದ ಆರಂಭಿಸಿರಿ

ಅಫಜಲಪುರ ತಾಲ್ಲೂಕಿನ ಕರಜಗಿ ಸುತ್ತಿನ ಎರೆ ಭೂಮಿಯ ರೈತರಿಗೆ ಮಳೆಯ ಏರುಪೇರು ಹೊಸದಲ್ಲ. 1972ರ ಬರ ಕಂಡ ಹಿರಿಯರು ಇನ್ನೂ ಇದ್ದಾರೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ದಂಡೆಯ ಹೊಲಗಳಿಗೆ ನುಗ್ಗಿದ್ದನ್ನು ಮಕ್ಕಳೂ ನೋಡಿದ್ದಾರೆ. ಆದರೆ ಆ ನೆರೆಯೊಂದನ್ನೇ ತೋರಿಸಿ ಹವಾಗುಣ ಬದಲಾಗಿದೆ ಎಂದು ಕಲಿಸುವುದು ಸರಿಯಲ್ಲ. ಅದರಲ್ಲಿ ಮೇಲಿನ ಜಲಾಶಯಗಳಿಂದ ಬಿಟ್ಟ ನೀರೂ ಸೇರಿತ್ತು. ಒಂದು ದಿನದ ಮಳೆ ಬಿಸಿಲು ಹವಾಮಾನ; 30 ವರ್ಷಗಳ ಸರಾಸರಿ ಹವಾಗುಣ. ಈ ಭೇದ ಮೊದಲು ತಿಳಿಯಬೇಕು.

ಕಲ್ಲಿದ್ದಲು, ಡೀಸೆಲ್ ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಆದ್ದರಿಂದ ಮಳೆ ಬಂದಾಗ ಒಮ್ಮೆಲೇ ಸುರಿಯುವ ಸಂಭವ ಹೆಚ್ಚು. ಎರೆ ಹೊಲದಲ್ಲಿ ನೀರು ನಿಂತರೆ ತೊಗರಿಯ ಗತಿ ಏನೆಂದು ಇಲ್ಲಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಮಳೆಮಾಪಕಕ್ಕೆ ಖರ್ಚಿಲ್ಲ. ನೆಟ್ಟಗಿನ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಇಡಿರಿ. ತಳ ಉಬ್ಬುತಗ್ಗಾಗಿರುವುದರಿಂದ ಹರಳು ಹಾಕಿ, ನೆಟ್ಟಗಿನ ಭಾಗದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಮಾಡಿ ಮಿಲಿಮೀಟರ್ ಪಟ್ಟಿ ಅಂಟಿಸಬೇಕು. ದಿನಾಲೂ ಮುಂಜಾನೆ 8.30ಕ್ಕೆ ಓದಿ ಬರೆದಿಡಬೇಕು. ಹವಾಮಾನ ಇಲಾಖೆಯೂ ಅದೇ ವೇಳೆಗೆ ಓದುತ್ತದೆ. ರಜೆಯ ದಿನ ಶಾಲೆಯ ಹತ್ತಿರದ ಮನೆಯ ವಿದ್ಯಾರ್ಥಿಗೆ ಈ ಕೆಲಸ ವಹಿಸಬಹುದು. 1 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು ಎಂಬ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿರಿ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನು ಮಳೆದಿನ ಎಂದು ಎಣಿಸಬೇಕು. ಅದೇ ಪುಸ್ತಕದಲ್ಲಿ ತೊಗರಿ ಬಿತ್ತಿದ, ಹೂ ಬಿಟ್ಟ, ಕಟಾವಾದ ದಿನಗಳೂ ಇರಲಿ.

ಫ್ಯಾನ್ ಆರಿಸಿ, ದೀಪ ಆರಿಸಿ ಎಂಬ ಪಾಠ ಪಟ್ಟಣದವರಿಗೆ ಹೆಚ್ಚು ಒಪ್ಪುತ್ತದೆ. ಇಲ್ಲಿ ಕಬ್ಬಿನ ರವದಿಯಿಂದ ಆರಂಭಿಸುವುದು ಲೇಸು. ಎರಡು ತಗಡಿನ ಡಬ್ಬಿಗಳಲ್ಲಿ ಎರೆ ಮಣ್ಣು ತುಂಬಿ, ಒಂದರ ಮೇಲೆ ರವದಿ ಹೊದಿಸಿ, ಎರಡನ್ನೂ ಓರೆಯಾಗಿಟ್ಟು ಝಾರಿಯಿಂದ ಸಮನಾಗಿ ನೀರು ಹಾಕಿರಿ. ಬರಿಯ ಮಣ್ಣಿನಿಂದ ಹರಿದ ನೀರು ಹೆಚ್ಚು ರಾಡಿಯಾಗಿರುತ್ತದೆ. ಇದನ್ನು ಕಂಡ ಹುಡುಗ ಮನೆಗೆ ಹೋಗಿ ರವದಿ ಏಕೆ ಸುಡುತ್ತೀರಿ ಎಂದು ಕೇಳುತ್ತಾನೆ. ಕೂಳೆ ಬೆಳೆಗೆ ಅಡ್ಡಿ, ಆಳು ಸಿಗುವುದಿಲ್ಲ ಎಂಬ ತಂದೆಯ ಉತ್ತರವೂ ಸುಳ್ಳಲ್ಲ; ಅದನ್ನೂ ತರಗತಿಯಲ್ಲಿ ಚರ್ಚಿಸಬೇಕು.

ತಿಂಗಳಿಗೊಮ್ಮೆ ವಿಸ್ತರಣಾ ಕಾರ್ಯಕರ್ತರು ಮಕ್ಕಳ ಅಂಕಿಗಳನ್ನು ಸಮೀಪದ ಸರಕಾರಿ ಮಾಪಕದ ಅಂಕಿಗಳೊಂದಿಗೆ ಹೋಲಿಸಿ ನೋಡಲಿ. ಅಲ್ಪಸ್ವಲ್ಪ ಹೆಚ್ಚುಕಡಿಮೆ ಸಹಜ. ಯಾವಾಗಲೂ ಬಹಳ ಕಡಿಮೆ ಬರುತ್ತಿದ್ದರೆ, ಬಾಟಲಿಯನ್ನು ಬೇವಿನ ಗಿಡದ ಕೆಳಗೆ ಇಟ್ಟಿದ್ದಾರೆಯೇ ಎಂದು ಪರೀಕ್ಷಿಸಿರಿ.