ನೆರೆ ಪರಿಹಾರಕ್ಕೆ ಎಲೆ, ಗೋಣಿ ಮತ್ತು ತೆಂಗಿನ ನಾರು

ನೆರೆ ಬಂದಾಗ ಸಂತ್ರಸ್ತರಿಗೆ ಅನ್ನ, ಬಟ್ಟೆ, ಹೊದಿಕೆ ಒದಗಿಸುವುದು ಎಲ್ಲರ ಕರ್ತವ್ಯ. ಆದರೆ ಈ ನೆರವಿನ ಜೊತೆಯಲ್ಲಿ ಬರುವ ಪ್ಲಾಸ್ಟಿಕ್ ಚೀಲ, ಬಾಟಲಿಗಳು ನೀರು ಇಳಿದ ಮೇಲೂ ಗದ್ದೆ ನಾಲೆಗಳಲ್ಲಿ ಉಳಿದುಬಿಡುತ್ತವೆ. ಊಟದ ವಾಸನೆಗೆ ದನಗಳು ಚೀಲವನ್ನು ತಿಂದರೆ ಅದು ಹೊಟ್ಟೆಯಲ್ಲಿ ಸಿಕ್ಕಿಕೊಂಡು, ಮೇವು ಮುಂದೆ ಸಾಗದೆ ರಾಸು ಸಾಯುವುದೂ ಉಂಟು. ಮನೆ ಕಳೆದುಕೊಂಡ ರೈತನಿಗೆ ಇದು ಎರಡನೆಯ ನಷ್ಟ.

ಹಾಸನ ಜಿಲ್ಲೆಗೆ ಇದು ದೂರದ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಕಾವೇರಿ ಉಕ್ಕಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ದಂಡೆಯ ಮನೆಗಳಿಗೆ ನೀರು ನುಗ್ಗಿತು. 2019ರ ಆಗಸ್ಟ್‌ನಲ್ಲಿಯೂ ಪ್ರವಾಹ ಮರುಕಳಿಸಿತು. ಗೊರೂರು ಜಲಾಶಯ ತುಂಬಿ ಹೇಮಾವತಿಗೆ ನೀರು ಬಿಟ್ಟಾಗ ಹೊಳೆನರಸೀಪುರದ ನದಿಪಾತ್ರದವರು ಎಚ್ಚರದಿಂದಿರಬೇಕಾಗುತ್ತದೆ.

ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ರಾಜ್ಯ ಸರ್ಕಾರವು 2016ರ ಮಾರ್ಚ್‌ನಲ್ಲಿಯೂ, ಕೇಂದ್ರ ಸರ್ಕಾರವು 2022ರ ಜುಲೈ 1ರಿಂದಲೂ ನಿಷೇಧಿಸಿವೆ. ಆದರೆ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನೇ ಕೊಂಡು ಕಳಿಸುವುದು ಸಹಜ. ಆದುದರಿಂದ ಬದಲಿ ಸಾಮಗ್ರಿ ಮಳೆಗೆ ಮೊದಲೇ ಊರಿನಲ್ಲಿ ಸಿದ್ಧವಿರಬೇಕು.

ಯಾವುದಕ್ಕೆ ಏನು?

ಊಟಕ್ಕೆ: ಕಡ್ಡಿಯಿಂದ ಹೆಣೆದು ಒಣಗಿಸಿದ ಮುತ್ತುಗದ ಎಲೆ ತಿಂಗಳುಗಟ್ಟಲೆ ಇಡಲು ಬರುತ್ತದೆ. ಹತ್ತಿರದ ಕೇಂದ್ರಗಳಿಗೆ ಬಾಳೆ ಎಲೆ ಉತ್ತಮ. ತಳದಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಎಲೆಗಳನ್ನು ಕೊಳ್ಳಬಾರದು. ಅಡಿಕೆ ಹಾಳೆಯ ತಟ್ಟೆಯಿಂದ ಅಡಿಕೆಯ ಆಲ್ಕಲಾಯ್ಡ್ ಅಂಶ ಆಹಾರಕ್ಕೆ ಸೇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಎಚ್ಚರಿಸಿದೆ. ಹೀಗಾಗಿ ಮಕ್ಕಳೂ ಉಣ್ಣುವ ಪರಿಹಾರ ಕೇಂದ್ರಗಳಿಗೆ ಮೊದಲಿನ ಎರಡನ್ನೇ ಆರಿಸುವುದು ಲೇಸು.

ಧಾನ್ಯಕ್ಕೆ: ಅಕ್ಕಿ, ರಾಗಿ, ಬೇಳೆಯನ್ನು ಗೋಣಿಚೀಲದಲ್ಲಿಯೂ, ಮನೆಗೊಂದರಂತೆ ಹಂಚುವುದನ್ನು ಬಟ್ಟೆಯ ಚೀಲದಲ್ಲಿಯೂ ಕಟ್ಟಬೇಕು. ಸಾಗಿಸುವಾಗ ಮೇಲೆ ಟಾರ್ಪಾಲು ಹೊದಿಸಿದರೆ ನೆನೆಯುವ ಭಯವಿಲ್ಲ; ಟಾರ್ಪಾಲನ್ನು ಹಿಂದಕ್ಕೆ ತರಬಹುದು. ಖಾಲಿಯಾದ ಗೋಣಿಗೆ ಮರಳು ತುಂಬಿ ಕೆರೆಯ ಏರಿಯ ಬಿರುಕಿಗೆ ತಾತ್ಕಾಲಿಕವಾಗಿ ಒಡ್ಡಬಹುದು. ಪ್ಲಾಸ್ಟಿಕ್ ಎಳೆಯ ಚೀಲವಾದರೋ ಬಿಸಿಲಿಗೆ ಸೀಳಿ, ಎಳೆಎಳೆಯಾಗಿ ಹೊಲ ಸೇರುತ್ತದೆ.

ಹಾಸಲು, ಕಟ್ಟಲು: ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಮಟ್ಟೆಗೆ ಕೊರತೆಯಿಲ್ಲ. ಮಟ್ಟೆಯ ತೂಕದಲ್ಲಿ ನೂರಕ್ಕೆ ಸುಮಾರು 30 ಭಾಗ ನಾರು, ಉಳಿದದ್ದು ಪುಡಿ. ನಾರಿನಲ್ಲಿ ಲಿಗ್ನಿನ್ ಅಂಶ ಹೆಚ್ಚಿರುವುದರಿಂದ ಅದು ಒದ್ದೆಯಲ್ಲಿಯೂ ಬೇಗ ಕೊಳೆಯುವುದಿಲ್ಲ. ತಂಪು ನೆಲಕ್ಕೆ ನಾರಿನ ಚಾಪೆ, ಡೇರೆ ಕಟ್ಟಲು ನಾರಿನ ಹಗ್ಗ, ಮರೆಗೆ ಹೆಣೆದ ತೆಂಗಿನ ಗರಿ ಸಾಕು.

ಕುಡಿಯುವ ನೀರಿಗೆ: ಬಾಟಲಿಗಳ ಬದಲು ನಲ್ಲಿಯಿರುವ ಸ್ಟೀಲ್ ಡ್ರಮ್ಮಿನಲ್ಲಿ ಕುದಿಸಿ ಆರಿಸಿದ ನೀರನ್ನಿಟ್ಟು, ಸ್ಟೀಲ್ ಲೋಟಗಳನ್ನು ಕೊಡಬೇಕು.

ಬಳಸಿದ ನಂತರ

ಉಂಡ ಎಲೆಗಳನ್ನು ಬೇರೆಯಾಗಿ ಕೂಡಿಸಬೇಕು. ಮಳೆಗಾಲದಲ್ಲಿ ಗುಂಡಿಗೆ ನೀರು ತುಂಬುವುದರಿಂದ, ಎತ್ತರದ ಜಾಗದಲ್ಲಿ ನೆಲದ ಮೇಲೆಯೇ 6 ಅಡಿ ಅಗಲ, 4ರಿಂದ 5 ಅಡಿ ಎತ್ತರದ ರಾಶಿ ಹಾಕಿರಿ. ಒಂದು ಪದರ ಎಲೆ, ಅದರ ಮೇಲೆ ತೆಳುವಾಗಿ ನಾರಿನ ಪುಡಿ, ಬಳಿಕ ಸಗಣಿ ಬಗ್ಗಡ ಎರಚಿ, ಮೇಲೆ ಗರಿ ಮುಚ್ಚಿರಿ. ಪುಡಿಯು ಊಟದ ಪಸೆಯನ್ನು ಹೀರಿಕೊಳ್ಳುತ್ತದೆ. ಆಗಾಗ ಮಗುಚುತ್ತಿದ್ದರೆ ಕೆಲವು ತಿಂಗಳಲ್ಲಿ ಗೊಬ್ಬರ ಸಿದ್ಧ. ರಾಶಿಗೆ ಗೋಣಿಯ ಚೂರು ಹಾಕುವಾಗ ನೈಲಾನ್ ದಾರವನ್ನು ಬಿಚ್ಚಿ ತೆಗೆಯಲು ಮರೆಯಬಾರದು.

ಮುಂಗಾರಿಗೆ ಮೊದಲು

ಪುಷ್ಯ, ಆಶ್ಲೇಷ ಮಳೆಗಳು ಹಿಡಿದ ಮೇಲೆ ಎಲೆ ಒಣಗುವುದಿಲ್ಲ, ನಾರೂ ಆರುವುದಿಲ್ಲ. ಆದುದರಿಂದ ಸ್ತ್ರೀಶಕ್ತಿ ಗುಂಪುಗಳು, ಹಾಲು ಉತ್ಪಾದಕರ ಸಹಕಾರ ಸಂಘಗಳು ಬೇಸಿಗೆಯಲ್ಲಿಯೇ ಎಲೆ, ಹಗ್ಗ, ಚಾಪೆಗಳನ್ನು ಕೂಡಿಸಿ ಅಟ್ಟದ ಮೇಲೆ ಗಾಳಿಯಾಡುವಂತೆ ಇಡಬೇಕು. ಬೂಷ್ಟು ಹಿಡಿದ ಎಲೆಯನ್ನು ಊಟಕ್ಕೆ ಬಳಸಬಾರದು. ನೆರೆ ಬಾರದ ವರ್ಷ ಅವನ್ನು ಮದುವೆ, ಜಾತ್ರೆಗಳಿಗೆ ಮಾರಿ, ಮರುವರ್ಷಕ್ಕೆ ಹೊಸದನ್ನು ಕೂಡಿಸಬಹುದು. ಇದರಿಂದ ಕೊಟ್ಟವರ ಹಣ ಊರಿನಲ್ಲಿಯೇ ಉಳಿದು, ಪಡೆದವರ ಹೊಲವೂ ಶುದ್ಧವಾಗಿರುತ್ತದೆ.

ಗೊಬ್ಬರ ತಯಾರಿಕೆಯ ಹೆಚ್ಚಿನ ವಿವರಗಳಿಗೆ ರೈತ ಬಾಂಧವರು ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬಹುದು.