ಟಾಕೀಸಿಗೆ ಬೀಗ, ಊರಿಗೆ ಕತ್ತಲು

ಬಸ್‌ಸ್ಟ್ಯಾಂಡಿನಲ್ಲಿಳಿದು ‘ಟಾಕೀಸ್ ಹತ್ರ ಬಿಡಪ್ಪಾ’ ಅಂದರೆ ಆಟೋದವನಿಗೆ ಇವತ್ತಿಗೂ ಜಾಗ ಗೊತ್ತಾಗುತ್ತದೆ. ಆದರೆ ಅಲ್ಲಿ ಟಾಕೀಸು ಮಾತ್ರ ಇರುವುದಿಲ್ಲ! ಒಂದೂರಲ್ಲಿ ಕಲ್ಯಾಣ ಮಂಟಪ, ಇನ್ನೊಂದೂರಲ್ಲಿ ಕಾಂಪ್ಲೆಕ್ಸು, ಮತ್ತೊಂದು ಕಡೆ ಬೀಗ ಜಡಿದ ಗೇಟಿನ ಹಿಂದೆ ಮುಳ್ಳುಗಿಡ. ರಾಜ್ಯದ ಎಷ್ಟೋ ತಾಲ್ಲೂಕು ಊರುಗಳ ಕಥೆ ಇದೇ.

ಮರಳೇ ಸೋಫಾ

1934ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ‘ಸತಿ ಸುಲೋಚನ’ ಬಿಡುಗಡೆಯಾಗಿ ಕನ್ನಡ ಸಿನಿಮಾಕ್ಕೆ ಮಾತು ಬಂತು. ಹಳ್ಳಿಗಾಡಿಗೆ ಅದು ಬಂದದ್ದು ಡೇರೆಯಲ್ಲಿ. ಸುಗ್ಗಿ ಮುಗಿದು ಬಯಲು ಖಾಲಿಯಾಗುತ್ತಲೇ ಟೂರಿಂಗ್ ಟಾಕೀಸಿನವರು ಟೆಂಟು ಹೊಡೆಯುತ್ತಿದ್ದರು. ಮಳೆ ಹಿಡಿದರೆ ಗಂಟುಮೂಟೆ ಕಟ್ಟುತ್ತಿದ್ದರು. ನೆಲ, ಬೆಂಚು, ಕುರ್ಚಿ ಮೂರೇ ಕ್ಲಾಸು. ನೆಲದವರಿಗೆ ಮರಳೇ ಸೋಫಾ. ಮುಂದಿನವನ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿ ಮೇಲೆ ಕೂತರಾಯಿತು. ಮೈಕಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು ಕೇಳಿತೆಂದರೆ ಟಿಕೆಟ್ ಕೊಡಲು ಶುರು ಎಂದೇ ಅರ್ಥ. ಆಚೆ ಹಳ್ಳಿಯವರು ಉಣ್ಣುವ ತಟ್ಟೆ ಬಿಟ್ಟು ಓಡಿ ಬರುತ್ತಿದ್ದರು.

ಆಮೇಲೆ ಮಂಡಿ ಸಾಹುಕಾರರು, ಅಕ್ಕಿ ಗಿರಣಿಯವರು ದುಡ್ಡು ಹಾಕಿ ಕಾಯಂ ಟಾಕೀಸು ಕಟ್ಟಿಸಿದರು. ಬಾಲ್ಕನಿ ಬಂತು. ನೆಲದವರು ಗಾಂಧಿ ಕ್ಲಾಸಿನ ಬೆಂಚಿಗೆ ಬಡ್ತಿ ಪಡೆದರು.

ಕ್ಯಾಬಿನ್‌ನ ಕೈಚಳಕ

ಆಟ ನಡೆಸುತ್ತಿದ್ದ ನಿಜವಾದ ಹೀರೋ ಕ್ಯಾಬಿನ್‌ನಲ್ಲಿದ್ದ. 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. 2,000 ಅಡಿಯ ರೀಲೆಂದರೆ ಸುಮಾರು 22 ನಿಮಿಷ. ಅಷ್ಟರೊಳಗೆ ಆಪರೇಟರು ಎರಡನೇ ಮೆಷಿನ್ನಿಗೆ ಮುಂದಿನ ರೀಲು ಏರಿಸಿ, ಕಾರ್ಬನ್ ಕಡ್ಡಿ ಹೊತ್ತಿಸಿ, ಪರದೆಯ ಬಲಮೂಲೆಯಲ್ಲಿ ಮಿಂಚುವ ಚುಕ್ಕೆ ನೋಡಿ ಥಟ್ಟನೆ ಬದಲಿಸಬೇಕು. ಗಳಿಗೆ ತಪ್ಪಿದರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ, ಬೈಗುಳ.

ಗಾಂಧಿನಗರದ ಹಂಚಿಕೆದಾರರ ಹತ್ತಿರ ಪ್ರಿಂಟು ಕಮ್ಮಿ. ಅಕ್ಕಪಕ್ಕದ ಎರಡೂರಿಗೆ ಒಂದೇ ಪ್ರಿಂಟಾದರೆ ರೀಲು ಡಬ್ಬ ಸೈಕಲ್ ಮೇಲೆ ಓಡಬೇಕು. ಸೈಕಲ್ ಪಂಕ್ಚರಾದರೆ ಹೀರೋ ಬಾವಿಗೆ ಹಾರಿದಲ್ಲೇ ಇಂಟರ್‌ವಲ್! 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದರೆ, ಊರುಗಳಲ್ಲಿ ಜನ ಗಾಡಿ ಕಟ್ಟಿಕೊಂಡು ಬಂದು ನೋಡಿದರು. ಟಾಕೀಸಿನಿಂದ ಹೊಟ್ಟೆ ಹೊರೆದವರು ಗೇಟ್ ಕೀಪರು, ಪೋಸ್ಟರ್ ಅಂಟಿಸುವವ ಮಾತ್ರ ಅಲ್ಲ. ಸೆಕೆಂಡ್ ಷೋ ಬಿಡುವ ತನಕ ಕಾಯುವ ಹೋಟೆಲು, ಬೀಡಾ ಅಂಗಡಿ, ಕಡಲೇಕಾಯಿ ಗಾಡಿ, ಜಟಕಾದವರೂ ಅದೇ ನೆರಳಿನವರು.

ಏಟಿನ ಮೇಲೆ ಏಟು

ಮೊದಲ ಏಟು ಟೀವಿಯದು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟೀವಿ ಬಂತು. 1987–88ರಲ್ಲಿ ಭಾನುವಾರ ಬೆಳಿಗ್ಗೆ ‘ರಾಮಾಯಣ’ ಬಂದರೆ ಬೀದಿಯೇ ಬಿಕೋ. ವೀಡಿಯೋ ಕ್ಯಾಸೆಟ್ಟು ಬಾಡಿಗೆಗೆ ಸಿಕ್ಕಿತು. 1994ರಲ್ಲಿ ಉದಯ ಟೀವಿ ಬಂದ ಮೇಲೆ ಹೆಂಗಸರು ಮ್ಯಾಟ್ನಿ ಮರೆತರು. ಮ್ಯಾಟ್ನಿ ನಿಂತಿದ್ದುದೇ ಅವರ ಮೇಲೆ.

ತಪ್ಪು ಮಾಲೀಕರದ್ದೂ ಇತ್ತು. ಕಲೆಕ್ಷನ್ ಇಳಿಯಿತೆಂದು ರಿಪೇರಿ ಬಿಟ್ಟರು. ಕುರ್ಚಿಯಲ್ಲಿ ತಿಗಣೆ, ಮೂತ್ರಿಖಾನೆಯ ನಾತ. ಸಂಸಾರಸ್ಥರು ಕಾಲಿಡಲಿಲ್ಲ. ಅವರು ಬರುವುದಿಲ್ಲವೆಂದು ಕೆಲವರು ‘ವಯಸ್ಕರಿಗೆ ಮಾತ್ರ’ ಚಿತ್ರ ಹಾಕಿದರು. ಆಮೇಲೆ ಸಂಸಾರಸ್ಥರು ಆ ಬೀದಿಯನ್ನೇ ಬಿಟ್ಟರು.

ರೀಲು ಹೋಗಿ ಡಿಜಿಟಲ್ ಬಂದಾಗ ಬೆಂಗಳೂರಿನ ಹೊಸ ಚಿತ್ರ ಅದೇ ದಿನ ಊರಿಗೂ ಬಂತು. ಒಳ್ಳೇದೇ ಆಯಿತು. ಆದರೆ ಮೆಷಿನ್ ಖರ್ಚು, ಕರೆಂಟ್ ಬಿಲ್ಲು ಹತ್ತು ಜನಕ್ಕೂ ಅಷ್ಟೇ, ನೂರು ಜನಕ್ಕೂ ಅಷ್ಟೇ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಮುಚ್ಚಿದ ಬಾಗಿಲು ಹಲವು ಕಡೆ ಮತ್ತೆ ತೆರೆಯಲೇ ಇಲ್ಲ. ಅದೇ ಜುಲೈನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ನೇರ ಮೊಬೈಲಿಗೇ ಇಳಿದವು. 2022ರಲ್ಲಿ ‘ಕಾಂತಾರ’ ಬಂದಾಗ ಹೌಸ್‌ಫುಲ್ ಬೋರ್ಡಿನ ಧೂಳು ಒರೆಸಿದ್ದುಂಟು. ಒಂದು ಚಿತ್ರ ಎಷ್ಟು ದಿನ ಅನ್ನ ಹಾಕೀತು?

ಬೆಂಗಳೂರಿನ ಕಪಾಲಿಯೇ, 1968ರಲ್ಲಿ ಅಷ್ಟು ಸಡಗರದಿಂದ ಶುರುವಾದದ್ದು, 2017ರಲ್ಲಿ ಬಾಗಿಲು ಹಾಕಿತು. ಇನ್ನು ತಾಲ್ಲೂಕಿನ ಟಾಕೀಸಿನ ಪಾಡೇನು?

ಯಾರಿಗೆ ನಷ್ಟ?

2025ರ ಬಜೆಟ್ಟಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಸಾರಿತು. ವಿಷಯ ಹೈಕೋರ್ಟಿಗೂ ಹೋಯಿತು. ಅದೆಲ್ಲ ಮಲ್ಟಿಪ್ಲೆಕ್ಸಿನ ಜಗಳ. ಅಷ್ಟು ಕೊಡುವವರೇ ಇಲ್ಲದ ಊರಿನ ಟಾಕೀಸಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಕಾರಿದ್ದವರು ಜಿಲ್ಲಾ ಕೇಂದ್ರಕ್ಕೆ ಹೋಗಿ ನೋಡಿಯಾರು. ಕೂಲಿ ಮುಗಿಸಿ ಹೆಂಡತಿ ಮಕ್ಕಳ ಜೊತೆ ಫಸ್ಟ್ ಷೋಗೆ ಹೋಗುತ್ತಿದ್ದವನು ಬಸ್ ಚಾರ್ಜು, ಟಿಕೆಟ್ಟು, ತಿಂಡಿ ಅಂತ ಎರಡು ದಿನದ ಕೂಲಿ ಸುರಿಯಬೇಕೆ? ಸಾಹುಕಾರ, ಹಮಾಲಿ, ಮೇಷ್ಟ್ರು ಒಂದೇ ಸೂರಿನಡಿ ಕೂತು ನಗುತ್ತಿದ್ದ ಜಾಗ ಊರಲ್ಲಿ ಇನ್ನೆಲ್ಲಿದೆ?

ಲೈಸೆನ್ಸ್ ನವೀಕರಣದ ಅಲೆದಾಟ ತಪ್ಪಿಸಿ, ಕರೆಂಟ್ ದರದಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರೆ ಉಳಿದ ನಾಲ್ಕಾದರೂ ಉಸಿರಾಡಿಯಾವು. ಮಾಲೀಕರೂ ಮೊದಲು ತಿಗಣೆ ಓಡಿಸಲಿ. ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳುವರೇ, ಇಲ್ಲಾ ಕೊನೆಯ ಟಾಕೀಸಿಗೂ ‘ಶುಭಂ’ ಬೀಳುವ ತನಕ ಕಾಯುವರೇ?